ಭೂಕಂಪಶಾಸ್ತ್ರಜ್ಞ ಅಕಿತ್ಸುನೆ ಇಮಾಮುರ

ನಮ್ಮ ಹಿರಿಯರು ಭೂಮಿಗೆ ಅಚಲೆ ಎಂದೂ ಸ್ಥಿರೆ ಎಂದೂ ಹೆಸರಿಟ್ಟರು. ಗಾಳಿ ಬೀಸುತ್ತದೆ, ನದಿ ಹರಿಯುತ್ತದೆ, ಕಡಲು ಉಕ್ಕುತ್ತದೆ. ನೆಲವೊಂದು ಮಾತ್ರ ಅಲುಗದೆ ಎಲ್ಲವನ್ನೂ ಹೊತ್ತು ನಿಂತಿದೆ ಎಂಬುದು ಮಾನವನ ಅನಾದಿಕಾಲದ ನಂಬಿಕೆ. ಮನೆ ಕಟ್ಟುವವನೂ ಹೊಲ ಉಳುವವನೂ ಈ ನಂಬಿಕೆಯನ್ನು ಆಧರಿಸಿಯೇ ಬಾಳುತ್ತಾರೆ. ಆದರೆ ಭೂಗೋಳದ ಕೆಲವು ಭಾಗಗಳಲ್ಲಿ ಈ ಸ್ಥಿರೆ ಆಗಾಗ ನಡುಗುತ್ತಾಳೆ. ಕೆಲವೇ ನಿಮಿಷಗಳಲ್ಲಿ ನಗರಗಳು ಉರುಳುತ್ತವೆ; ಹಲವು ತಲೆಮಾರುಗಳ ಶ್ರಮ ಮಣ್ಣುಪಾಲಾಗುತ್ತದೆ. ಪೂರ್ವ ದಿಕ್ಕಿನ ದ್ವೀಪರಾಷ್ಟ್ರವಾದ ಜಪಾನ್ ಅಂಥ ನಾಡುಗಳಲ್ಲಿ ಮುಖ್ಯವಾದುದು. ನೆಲದಡಿಯಲ್ಲಿ ಮಲಗಿರುವ ಮಹಾಮತ್ಸ್ಯವೊಂದು ಮೈಕೊಡವಿದಾಗ ಭೂಮಿ ಕಂಪಿಸುತ್ತದೆಂದು ಅಲ್ಲಿನ ಜನ ಬಹುಕಾಲ ನಂಬಿದ್ದರು. ಅಂಥ ನಾಡಿನಲ್ಲಿ ಹುಟ್ಟಿ, ಭೂಕಂಪದ ಗುಟ್ಟನ್ನು ಅರಿಯಲು ಬಾಳನ್ನೇ ಮುಡಿಪಾಗಿಟ್ಟು, ತಿಳಿದುದನ್ನು ಜನಕ್ಕೆ ತಿಳಿಸಲು ಹೋಗಿ ಅಪಹಾಸ್ಯಕ್ಕೆ ಗುರಿಯಾಗಿ, ಕಡೆಗೆ ತನ್ನ ಮಾತು ನಿಜವಾದಾಗ ಹಿಗ್ಗದೆ ಮತ್ತೆ ಕೆಲಸಕ್ಕೆ ತೊಡಗಿದ ವಿಜ್ಞಾನಿ ಅಕಿತ್ಸುನೆ ಇಮಾಮುರ.

ಇಮಾಮುರ ಅವರು 1870ರ ಜೂನ್ 14ರಂದು ಜಪಾನಿನ ದಕ್ಷಿಣ ತುದಿಯಲ್ಲಿರುವ ಕಾಗೋಷಿಮದಲ್ಲಿ, ಹಳೆಯ ಯೋಧ ಮನೆತನವೊಂದರಲ್ಲಿ ಜನಿಸಿದರು. ಆ ಊರಿನ ಎದುರಿಗೇ, ಕೊಲ್ಲಿಯ ನೀರಿನ ನಡುವೆ, ಸಕುರಜಿಮ ಎಂಬ ಜ್ವಾಲಾಮುಖಿ ಹೊಗೆಯುಗುಳುತ್ತ ನಿಂತಿದೆ. ಭೂಗರ್ಭದ ಶಕ್ತಿಯ ಪರಿಚಯಕ್ಕಾಗಿ ಆ ಊರಿನ ಬಾಲಕರು ಪುಸ್ತಕಗಳನ್ನು ಅರಸಬೇಕಾಗಿರಲಿಲ್ಲ. ಇಮಾಮುರ ಹುಟ್ಟುವ ಎರಡು ವರ್ಷಗಳ ಹಿಂದೆ, 1868ರಲ್ಲಿ, ಜಪಾನಿನ ರಾಜ್ಯವ್ಯವಸ್ಥೆ ಬದಲಾಗಿತ್ತು. ಶತಮಾನಗಳಿಂದ ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ದೇಶ ಪಾಶ್ಚಾತ್ಯ ವಿಜ್ಞಾನವನ್ನು ಹಂಬಲದಿಂದ ಸ್ವಾಗತಿಸುತ್ತಿತ್ತು. ಹೀಗೆ ಬಂದ ವಿದೇಶೀ ಪ್ರಾಧ್ಯಾಪಕರಲ್ಲಿ ಇಂಗ್ಲೆಂಡಿನ ಜಾನ್ ಮಿಲ್ನ್ ಒಬ್ಬರು. 1876ರಲ್ಲಿ ಗಣಿವಿಜ್ಞಾನವನ್ನು ಬೋಧಿಸಲು ಬಂದ ಮಿಲ್ನ್ ಅಲ್ಲಿನ ಭೂಕಂಪಗಳನ್ನು ಕಂಡು ಕುತೂಹಲಗೊಂಡರು. 1880ರಲ್ಲಿ ಜಪಾನಿನ ಭೂಕಂಪಶಾಸ್ತ್ರ ಸಂಘ ಸ್ಥಾಪನೆಯಾಯಿತು. ನೆಲದ ಕಂಪನವನ್ನು ಗೆರೆಗಳಾಗಿ ಬರೆದಿಡುವ ಭೂಕಂಪಮಾಪಕ ಯಂತ್ರಗಳು ರೂಪುಗೊಂಡವು. ಭಯದ ವಸ್ತುವಾಗಿದ್ದ ಭೂಕಂಪ ಅಧ್ಯಯನದ ವಸ್ತುವಾಯಿತು.

1891ರ ಅಕ್ಟೋಬರ್ 28ರಂದು ಮಧ್ಯ ಜಪಾನಿನ ಮಿನೋ ಮತ್ತು ಒವಾರಿ ಪ್ರಾಂತಗಳಲ್ಲಿ ಘೋರವಾದ ಭೂಕಂಪವಾಯಿತು. ಏಳು ಸಾವಿರಕ್ಕೂ ಹೆಚ್ಚು ಜನ ಮಡಿದರು. ನೆಲ ಹತ್ತಾರು ಕಿಲೋಮೀಟರುಗಳ ಉದ್ದಕ್ಕೆ ಸೀಳಿಹೋಗಿತ್ತು. ಮಿದೋರಿ ಎಂಬ ಹಳ್ಳಿಯಲ್ಲಿ ಒಂದು ಬದಿಯ ನೆಲ ಇನ್ನೊಂದು ಬದಿಗಿಂತ ಸುಮಾರು 6 ಮೀಟರು ಮೇಲೆದ್ದು ಗೋಡೆಯಂತೆ ನಿಂತಿತ್ತು. ಶಿಲಾಸ್ತರಗಳು ಹೀಗೆ ಮುರಿದು ಜರುಗುವುದನ್ನು ಭೂವಿಜ್ಞಾನಿಗಳು ಸ್ತರಭಂಗವೆಂದು ಕರೆಯುತ್ತಾರೆ. ನೆಲ ನಡುಗಿದ್ದರಿಂದ ಸೀಳು ಉಂಟಾಯಿತೆಂದು ಅನೇಕರು ಭಾವಿಸಿದ್ದ ಕಾಲದಲ್ಲಿ, ಬುಂಜಿರೊ ಕೋಟೊ ಎಂಬ ಜಪಾನೀ ಭೂವಿಜ್ಞಾನಿ ಆ ಸೀಳನ್ನು ಪರಿಶೀಲಿಸಿ, ಸೀಳು ಜರುಗಿದ್ದರಿಂದಲೇ ನೆಲ ನಡುಗಿತೆಂದು ಪ್ರತಿಪಾದಿಸಿದರು. ಕಾರಣವೆಂದು ತಿಳಿದದ್ದು ಕಾರ್ಯವಾಗಿ, ಕಾರ್ಯವೆಂದು ತಿಳಿದದ್ದು ಕಾರಣವಾಗಿ ಸ್ಥಾನ ಬದಲಿಸಿದವು. ಈ ದುರಂತದ ಫಲವಾಗಿ ಮರುವರ್ಷವೇ ಸರ್ಕಾರ ಭೂಕಂಪಗಳ ಅನ್ವೇಷಣೆಗಾಗಿ ಸಮಿತಿಯೊಂದನ್ನು ನೇಮಿಸಿತು. ಆಗ ಇಪ್ಪತ್ತೊಂದರ ತರುಣರಾಗಿದ್ದ ಇಮಾಮುರ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿ, ಭೂಕಂಪಶಾಸ್ತ್ರವನ್ನೇ ತಮ್ಮ ಕ್ಷೇತ್ರವಾಗಿ ಆರಿಸಿಕೊಂಡರು.

ಅದೇ ವಿಭಾಗದಲ್ಲಿ ಅವರಿಗಿಂತ ಎರಡು ವರ್ಷ ಹಿರಿಯರಾದ ಫುಸಾಕಿಚಿ ಒಮೋರಿ ಎಂಬ ಪ್ರತಿಭಾವಂತರಿದ್ದರು. ದೊಡ್ಡ ಭೂಕಂಪದ ತರುವಾಯ ಬರುವ ಮರುಕಂಪನಗಳು ದಿನಕಳೆದಂತೆ ಯಾವ ಪ್ರಮಾಣದಲ್ಲಿ ಕಡಿಮೆಯಾಗುತ್ತವೆ ಎಂಬ ನಿಯಮವನ್ನು ಒಮೋರಿ 1894ರಲ್ಲಿ ಕಂಡುಹಿಡಿದರು. ಆ ನಿಯಮ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅವರು ರೂಪಿಸಿದ ಭೂಕಂಪಮಾಪಕ ದೇಶವಿದೇಶಗಳಲ್ಲಿ ಬಳಕೆಗೆ ಬಂದಿತು. ಒಮೋರಿ ಪ್ರಾಧ್ಯಾಪಕರಾದರು; ಜಗದ್ವಿಖ್ಯಾತರಾದರು. ಇಮಾಮುರ ಅವರ ಕೈಕೆಳಗೆ ಸಹಾಯಕ ಪ್ರಾಧ್ಯಾಪಕರಾಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಉಳಿದರು. ವಿಶ್ವವಿದ್ಯಾನಿಲಯದ ಸಂಶೋಧನೆಯ ಜೊತೆಗೆ ಸೈನ್ಯದ ಶಾಲೆಯಲ್ಲಿ ಪಾಠ ಹೇಳಿ ಅವರು ಸಂಸಾರವನ್ನು ಸಾಗಿಸಬೇಕಾಗಿತ್ತು.

ಸ್ಥಾನ ಕಿರಿದಾದರೂ ಇಮಾಮುರ ಅವರ ಆಲೋಚನೆ ಸ್ವತಂತ್ರವಾಗಿತ್ತು. 1896ರ ಜೂನ್ 15ರ ಸಂಜೆ ಜಪಾನಿನ ಈಶಾನ್ಯ ಕರಾವಳಿಯಾದ ಸನ್ರಿಕುವಿನಲ್ಲಿ ನೆಲ ಮೆಲ್ಲನೆ ಅಲುಗಿತು. ಜನ ಅದನ್ನು ಲೆಕ್ಕಿಸಲಿಲ್ಲ. ಸುಮಾರು ಅರ್ಧ ಗಂಟೆಯ ಬಳಿಕ ಕಡಲು ಬೆಟ್ಟದಂತೆ ಎದ್ದು ಬಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಹುತಿ ತೆಗೆದುಕೊಂಡಿತು. ಸುನಾಮಿ ಎಂಬ ಈ ಕಡಲಲೆ ಹೇಗೆ ಹುಟ್ಟುತ್ತದೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ನಾನಾ ಅಭಿಪ್ರಾಯಗಳಿದ್ದವು. ಭೂಕಂಪದ ವೇಳೆ ಕಡಲ ತಳವೇ ಮೇಲೇಳುವುದರಿಂದ ಇಲ್ಲವೆ ಕುಸಿಯುವುದರಿಂದ ಮೇಲಿನ ನೀರೆಲ್ಲ ಸ್ಥಾನಪಲ್ಲಟಗೊಂಡು ಅಲೆಯಾಗಿ ಹರಡುತ್ತದೆ ಎಂದು ಇಮಾಮುರ 1899ರಲ್ಲಿ ವಾದಿಸಿದರು. ಅಂದು ಆ ವಾದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ. ಇಂದು ಅದು ಸರ್ವಸಮ್ಮತವಾದ ವಿವರಣೆ. 2004ರ ಡಿಸೆಂಬರ್ 26ರಂದು ಸುಮಾತ್ರದ ಬಳಿ ಕಡಲ ತಳ ಜರುಗಿ ಭಾರತದ ಪೂರ್ವ ಕರಾವಳಿಯವರೆಗೂ ಸುನಾಮಿ ಬಂದಪ್ಪಳಿಸಿದಾಗ ಜಗತ್ತು ಕಂಡದ್ದು ಇದೇ ಕ್ರಿಯೆಯನ್ನು.

ಇಮಾಮುರ ಅವರ ಇನ್ನೊಂದು ಆಸಕ್ತಿ ಹಳೆಯ ದಾಖಲೆಗಳು. ಭೂಕಂಪಮಾಪಕಗಳು ಬಂದು ಇನ್ನೂ ಕೆಲವೇ ದಶಕಗಳಾಗಿದ್ದವು. ಆದರೆ ದೊಡ್ಡ ಭೂಕಂಪಗಳು ಒಂದೆಡೆ ಮರುಕಳಿಸಲು ನೂರಾರು ವರ್ಷ ಹಿಡಿಯುತ್ತದೆ. ಆದ್ದರಿಂದ ಯಂತ್ರ ಬರೆಯದ ಕಾಲದ ಕಥೆಯನ್ನು ದೇವಾಲಯಗಳ ಕಡತಗಳು, ಊರಿನ ದಿನಚರಿಗಳು, ಅರಮನೆಯ ಲೆಕ್ಕಪತ್ರಗಳು ಇವುಗಳಿಂದ ಓದಬೇಕು. ಟೋಕಿಯೋ ನಗರವನ್ನು ಎದೋ ಎಂದು ಕರೆಯುತ್ತಿದ್ದ ದಿನಗಳಿಂದ ಅದನ್ನು ಹಾಳುಗೆಡವಿದ ಭೂಕಂಪಗಳನ್ನು ಅವರು ಪಟ್ಟಿ ಮಾಡಿದರು. 1649, 1703, 1855 ಮುಖ್ಯವಾದ ವರ್ಷಗಳು. ಕೊನೆಯ ಭೂಕಂಪವಾಗಿ ಆಗಲೇ ಐವತ್ತು ವರ್ಷಗಳು ಸಂದಿದ್ದವು. ಇನ್ನು ಐವತ್ತು ವರ್ಷಗಳ ಒಳಗೆ ಟೋಕಿಯೋಗೆ ಮತ್ತೊಂದು ಮಹಾಕಂಪ ತಪ್ಪದೆಂದು ಅವರಿಗೆ ತೋರಿತು.

1905ರ ಸೆಪ್ಟೆಂಬರಿನಲ್ಲಿ ತಾಯ್ಯೊ ಎಂಬ ಮಾಸಪತ್ರಿಕೆಯಲ್ಲಿ ಇಮಾಮುರ ಒಂದು ಲೇಖನವನ್ನು ಪ್ರಕಟಿಸಿದರು. ನಗರಗಳಲ್ಲಿ ಭೂಕಂಪದಿಂದಾಗುವ ಪ್ರಾಣನಷ್ಟವನ್ನೂ ಆಸ್ತಿನಷ್ಟವನ್ನೂ ತಗ್ಗಿಸುವ ಸುಲಭೋಪಾಯಗಳೇ ಅದರ ವಸ್ತು. ಟೋಕಿಯೋದ ಮನೆಗಳು ಮರದವು, ಬೀದಿಗಳು ಇಕ್ಕಟ್ಟಾದವು, ಮನೆಮನೆಯಲ್ಲಿ ಸೀಮೆಎಣ್ಣೆಯ ದೀಪಗಳು ಉರಿಯುತ್ತಿದ್ದವು. ನೆಲ ನಡುಗಿದೊಡನೆ ದೀಪಗಳು ಉರುಳಿ ನೂರಾರು ಕಡೆ ಏಕಕಾಲಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಭೂಮಿಯೊಳಗಿನ ನೀರಿನ ಕೊಳವೆಗಳು ಮುರಿದು, ಬೆಂಕಿಯನ್ನು ಆರಿಸಲು ನೀರಿಲ್ಲವಾಗುತ್ತದೆ. ಹಾಗಾದರೆ ಒಂದು ಲಕ್ಷದಿಂದ ಎರಡು ಲಕ್ಷದವರೆಗೆ ಜನ ಸಾಯಬಹುದೆಂದು ಅವರು ಅಂದಾಜು ಮಾಡಿದರು. ಎಣ್ಣೆಯ ದೀಪಗಳನ್ನು ಬಿಟ್ಟು ವಿದ್ಯುದ್ದೀಪಗಳನ್ನು ಬಳಸಬೇಕು, ಕಟ್ಟಡಗಳನ್ನು ಭದ್ರಗೊಳಿಸಬೇಕು ಎಂಬುದು ಅವರ ಸಲಹೆ. ಇಂಥ ದಿನವೇ ಭೂಕಂಪ ಬರುವುದೆಂದು ಅವರು ಎಲ್ಲಿಯೂ ಬರೆಯಲಿಲ್ಲ. ಸಿದ್ಧತೆಯೇ ಲೇಖನದ ತಿರುಳು. ಆಪತ್ತಿನ ಸೂಚನೆ ಆ ಸಿದ್ಧತೆಗೆ ಕೊಟ್ಟ ಕಾರಣ ಮಾತ್ರ.

ಆದರೆ ತಿರುಳನ್ನು ಬಿಟ್ಟು ಸಿಪ್ಪೆಯನ್ನು ಹಿಡಿಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. 1906 ಜಪಾನೀ ಪಂಚಾಂಗದ ಪ್ರಕಾರ ಬೆಂಕಿ ಕುದುರೆಯ ವರ್ಷ. ಅಂಥ ವರ್ಷಗಳಲ್ಲಿ ಅಗ್ನಿ ಅನಾಹುತಗಳು ಹೆಚ್ಚೆಂದು ಜನರ ಮೂಢನಂಬಿಕೆ. ಆ ಜನವರಿಯಲ್ಲಿ ಟೋಕಿಯೋದ ದಿನಪತ್ರಿಕೆಯೊಂದು ಈ ನಂಬಿಕೆಗೆ ಇಮಾಮುರ ಅವರ ಲೇಖನವನ್ನು ಗಂಟುಹಾಕಿ, ವಿಜ್ಞಾನಿಯೊಬ್ಬ ನಗರದ ನಾಶವನ್ನು ಭವಿಷ್ಯ ನುಡಿದಿದ್ದಾನೆಂಬಂತೆ ರೋಚಕವಾಗಿ ಬರೆಯಿತು. ಇಮಾಮುರ ಸ್ಪಷ್ಟೀಕರಣ ಕಳುಹಿಸಿದರೂ ಹರಡಿದ ಸುದ್ದಿ ಹಿಂದಿರುಗಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ನಿಜವಾಗಿಯೂ ಒಂದೆರಡು ಬಲವಾದ ಕಂಪನಗಳಾದವು. ಮಹಾಕಂಪ ಇಂಥ ಗಂಟೆಗೆ ಬರುವುದೆಂದು ಯಾರೋ ದೂರವಾಣಿಯ ಮೂಲಕ ಸುಳ್ಳು ಹಬ್ಬಿಸಿದರು. ಗಾಳಿಮಾತು ಕಾಡ್ಗಿಚ್ಚಿನಂತೆ ಹರಡಿತು. ಜನ ಮನೆಗಳನ್ನು ತೊರೆದು ಬಯಲಿಗೆ ಓಡಿದರು.

ಈ ಗೊಂದಲವನ್ನು ಶಮನಗೊಳಿಸುವ ಹೊಣೆ ಒಮೋರಿ ಅವರ ಮೇಲೆ ಬಿದ್ದಿತು. ಅದೇ ತಾಯ್ಯೊ ಪತ್ರಿಕೆಯಲ್ಲಿ ಲೇಖನ ಬರೆದು, ಟೋಕಿಯೋಗೆ ಮಹಾಕಂಪ ಸಮೀಪಿಸಿದೆ ಎಂಬ ಮಾತಿಗೆ ಶಾಸ್ತ್ರೀಯವಾದ ಆಧಾರವಿಲ್ಲವೆಂದು ಅವರು ಸಾರಿದರು. ವರ್ಷಗಳ ಅಂತರವನ್ನು ಲೆಕ್ಕ ಹಾಕಿ ಮುಂದಿನದನ್ನು ಊಹಿಸುವುದು ಒಪ್ಪತಕ್ಕ ಕ್ರಮವಲ್ಲ ಎಂಬುದು ಅವರ ನಿಲುವು. ಆ ಟೀಕೆಯಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಮೂರು ಭೂಕಂಪಗಳ ಅಂತರದಿಂದ ನಾಲ್ಕನೆಯದರ ಕಾಲವನ್ನು ನಿಶ್ಚಯಿಸುವುದು ದುರ್ಬಲವಾದ ಗಣಿತ. ಭೀತಿಯಿಂದ ಜನ ತತ್ತರಿಸುತ್ತಿರುವಾಗ ಅವರನ್ನು ಸಂತೈಸುವುದು ತಮ್ಮ ಕರ್ತವ್ಯವೆಂದು ಒಮೋರಿ ಬಗೆದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅದರ ಫಲವಾಗಿ ಗಾಳಿಮಾತಿನೊಡನೆ ಎಣ್ಣೆದೀಪಗಳ ಬಗೆಗೂ ನೀರಿನ ಕೊಳವೆಗಳ ಬಗೆಗೂ ಹೇಳಿದ್ದ ಮಾತು ಸಹ ತಳ್ಳಿಹೋಯಿತು. ಯಥಾರ್ಥವಾದಿ ಲೋಕವಿರೋಧಿ ಎಂಬ ಗಾದೆಯಂತೆ ಇಮಾಮುರ ಎಲ್ಲರ ಕಣ್ಣಿಗೂ ಅಪರಾಧಿಯಾದರು. ಬಡಾಯಿಗಾರ ಎಂಬ ಅಡ್ಡಹೆಸರು ಅವರಿಗೆ ಅಂಟಿಕೊಂಡಿತು.

ಅದೇ ವರ್ಷದ ಏಪ್ರಿಲ್ 18ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಭಾರೀ ಭೂಕಂಪವಾಯಿತು. ನೀರಿನ ಕೊಳವೆಗಳು ಮುರಿದವು. ಬೆಂಕಿ ಮೂರು ದಿನ ಉರಿದು ನಗರದ ಬಹುಭಾಗವನ್ನು ಸುಟ್ಟಿತು. ಇಮಾಮುರ ಯಾವ ಚಿತ್ರವನ್ನು ಟೋಕಿಯೋಗಾಗಿ ಬರೆದಿದ್ದರೋ ಅದು ಪೆಸಿಫಿಕ್ ಸಾಗರದ ಆಚೆಯ ದಡದಲ್ಲಿ ನಿಜವಾಯಿತು. ಭೂಕಂಪಶಾಸ್ತ್ರಕ್ಕೆ ಈ ದುರಂತ ಒಂದು ದೊಡ್ಡ ಪಾಠವನ್ನು ಕಲಿಸಿತು. ಅಲ್ಲಿ ಸ್ತರಭಂಗದ ಎರಡು ಬದಿಯ ಬೇಲಿಗಳೂ ರಸ್ತೆಗಳೂ ಕೆಲವೆಡೆ ಸುಮಾರು 6 ಮೀಟರುಗಳಷ್ಟು ಅತ್ತಿತ್ತ ಜರುಗಿದ್ದವು. ಹಿಂದಿನ ಮೋಜಣಿಗಳೊಡನೆ ಇವನ್ನು ಹೋಲಿಸಿದ ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ 1910ರಲ್ಲಿ ಭೂಕಂಪದ ಕ್ರಮವನ್ನು ವಿವರಿಸಿದರು. ಬಿದಿರಿನ ಕೋಲನ್ನು ಎರಡು ಕೈಗಳಿಂದ ಹಿಡಿದು ಬಗ್ಗಿಸಿದರೆ ಅದು ಬಾಗುತ್ತ ಬಾಗುತ್ತ ಶಕ್ತಿಯನ್ನು ತನ್ನಲ್ಲಿ ತುಂಬಿಕೊಳ್ಳುತ್ತದೆ. ತಾಳಿಕೆಯ ಮಿತಿ ಮೀರಿದೊಡನೆ ಫಟ್ಟನೆ ಮುರಿದು ತುಂಡುಗಳು ನೆಟ್ಟಗಾಗುತ್ತವೆ. ಹಾಗೆಯೇ ಸ್ತರಭಂಗದ ಎರಡು ಬದಿಯ ಶಿಲೆಗಳು ಒಂದಕ್ಕೊಂದು ಕಚ್ಚಿಕೊಂಡು ವರ್ಷಗಟ್ಟಲೆ ಬಾಗುತ್ತವೆ. ಕಡೆಗೊಮ್ಮೆ ಎಲ್ಲಿಯೋ ಒಂದು ಬಿಂದುವಿನಲ್ಲಿ ಹಿಡಿತ ಸಡಿಲುತ್ತದೆ. ಆ ಬಿರುಕು ಸೆಕೆಂಡಿಗೆ ಎರಡು ಮೂರು ಕಿಲೋಮೀಟರು ವೇಗದಲ್ಲಿ ಸ್ತರಭಂಗದ ಉದ್ದಕ್ಕೂ ಓಡುತ್ತದೆ. ಕೂಡಿಟ್ಟ ಶಕ್ತಿ ಅಲೆಗಳಾಗಿ ಹೊರಟು ನೆಲವನ್ನು ನಡುಗಿಸುತ್ತದೆ. ಶಿಲೆಗಳು ಬಾಗಲು ಕಾರಣವೇನು ಎಂಬುದು ತಿಳಿದದ್ದು ಮಾತ್ರ ಬಹಳ ತಡವಾಗಿ. ಭೂಮಿಯ ಹೊರಚಿಪ್ಪು ಹಲವು ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಂತೆ ಚಲಿಸುತ್ತವೆ ಎಂಬ ಸಿದ್ಧಾಂತ 1960ರ ದಶಕದಲ್ಲಿ ಸ್ಥಿರಪಟ್ಟಿತು.

1915ರ ನವೆಂಬರಿನಲ್ಲಿ ಟೋಕಿಯೋಗೆ ಸಮೀಪದ ಬೋಸೋ ಪರ್ಯಾಯದ್ವೀಪದಲ್ಲಿ ಸಣ್ಣಸಣ್ಣ ಭೂಕಂಪಗಳು ಒಂದರ ಮೇಲೊಂದು ಬಂದವು. ಆಗ ಒಮೋರಿ ಚಕ್ರವರ್ತಿಯ ಪಟ್ಟಾಭಿಷೇಕ ಸಮಾರಂಭಕ್ಕಾಗಿ ಕಿಯೋಟೋಗೆ ಹೋಗಿದ್ದರು. ಪತ್ರಿಕೆಯವರು ಇಮಾಮುರ ಅವರನ್ನು ಮುತ್ತಿದರು. ಜನ ಬೆಂಕಿಯ ವಿಷಯದಲ್ಲಿ ಜಾಗರೂಕರಾಗಿರುವುದು ಲೇಸೆಂದು ಅವರು ತಿಳಿಸಿದರು. ನಿರೀಕ್ಷಿಸಿದಂಥ ದೊಡ್ಡ ಕಂಪನವಾಗಲಿಲ್ಲ. ಒಮೋರಿ ಹಿಂದಿರುಗಿದ ಬಳಿಕ ಈ ಎಚ್ಚರಿಕೆಯನ್ನು ಒಪ್ಪಲಿಲ್ಲ. ಇಮಾಮುರ ಎರಡನೆಯ ಬಾರಿ ನಿಂದೆಗೆ ಪಾತ್ರರಾದರು. ಆದರೂ ಅವರು ಕೆಲಸವನ್ನು ಬಿಡಲಿಲ್ಲ, ವಿಭಾಗವನ್ನು ತೊರೆಯಲಿಲ್ಲ. ಹಗಲು ಶಾಲೆಯ ಪಾಠ, ಯಂತ್ರಗಳ ವೀಕ್ಷಣೆ, ಹಳೆಯ ದಾಖಲೆಗಳ ಪರಿಶೋಧನೆ ಇವುಗಳಲ್ಲಿ ವರ್ಷಗಳು ಉರುಳಿದವು.

1923ರ ಸೆಪ್ಟೆಂಬರ್ 1, ಶನಿವಾರ. ಇಮಾಮುರ ವಿಶ್ವವಿದ್ಯಾನಿಲಯದ ತಮ್ಮ ಕೊಠಡಿಯಲ್ಲಿ ಕುಳಿತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ನೆಲ ಅಲುಗತೊಡಗಿತು. ಮೊದಲು ಮೆಲ್ಲನೆ ಆರಂಭವಾದ ಕಂಪನ ಕೆಲವೇ ಕ್ಷಣಗಳಲ್ಲಿ ಉಗ್ರವಾಯಿತು. ಕಟ್ಟಡ ತೊನೆಯಿತು; ಮಾಡಿನ ಹೆಂಚುಗಳು ಉದುರಿದವು. ಆ ಸ್ಥಿತಿಯಲ್ಲಿಯೂ ಇಮಾಮುರ ಕುಳಿತಲ್ಲಿಯೇ ಕಂಪನದ ಕಾಲವನ್ನೂ ರೀತಿಯನ್ನೂ ಗಮನಿಸಿಕೊಂಡರು. ಹದಿನೆಂಟು ವರ್ಷಗಳ ಹಿಂದೆ ತಾವು ಬರೆದದ್ದು ಬಾಗಿಲಿಗೆ ಬಂದಿದೆಯೆಂದು ಅವರಿಗೆ ಅರಿವಾಗಿರಬೇಕು. ಸ್ವಲ್ಪ ಹೊತ್ತಿನಲ್ಲಿ ಬಂದ ಪತ್ರಿಕೆಯವರಿಗೆ, ಟೋಕಿಯೋದ ನೈರುತ್ಯಕ್ಕಿರುವ ಸಗಾಮಿ ಕೊಲ್ಲಿಯ ಕಡೆಯಲ್ಲಿ ಭೂಕಂಪದ ಮೂಲವಿರಬೇಕೆಂದು ಅವರು ಯಂತ್ರಗಳ ದಾಖಲೆಯನ್ನು ನೋಡಿ ವಿವರಿಸಿದರು. ಆ ನಿರ್ಣಯ ಸರಿಯಾಗಿತ್ತು. ಕಡಲ ತಳದ ಫಲಕವೊಂದು ಅಲ್ಲಿ ಜಪಾನಿನ ನೆಲದಡಿಗೆ ಜಾರುತ್ತಿದೆ. ನೂರು ಕಿಲೋಮೀಟರಿಗೂ ಮಿಕ್ಕ ಉದ್ದದ ಸ್ತರಭಂಗ ಅಂದು ಒಮ್ಮೆಗೇ ಜರುಗಿತ್ತು. ಕೊಲ್ಲಿಯ ಸುತ್ತಲಿನ ದಡ ಕೆಲವೆಡೆ ಒಂದು ಮೀಟರಿಗೂ ಹೆಚ್ಚು ಮೇಲೆದ್ದಿತು. ಈಗಿನ ಅಳತೆಯಂತೆ ಭೂಕಂಪದ ಪ್ರಮಾಣ ಸುಮಾರು 7.9.

ಅದು ಊಟದ ಹೊತ್ತು. ಮನೆಮನೆಯಲ್ಲಿ ಒಲೆಗಳು ಉರಿಯುತ್ತಿದ್ದವು. ಉರುಳಿದ ಮರದ ಮನೆಗಳಿಗೆ ಒಲೆಯ ಕೆಂಡ ತಗುಲಿ ನೂರಕ್ಕೂ ಹೆಚ್ಚು ಕಡೆ ಬೆಂಕಿ ಎದ್ದಿತು. ದೂರದಲ್ಲಿ ಹಾದುಹೋಗುತ್ತಿದ್ದ ಚಂಡಮಾರುತದಿಂದಾಗಿ ಗಾಳಿ ಬಿರುಸಾಗಿತ್ತು. ನೀರಿನ ಕೊಳವೆಗಳು ಒಡೆದಿದ್ದವು. ಸುಮಿದ ನದಿಯ ಬಳಿ, ಸೈನ್ಯದ ಉಡುಪುಗಳ ಉಗ್ರಾಣವಿದ್ದ ಬಯಲಿನಲ್ಲಿ ಸಾವಿರಾರು ಜನ ಗಂಟುಮೂಟೆಗಳೊಡನೆ ಆಶ್ರಯ ಪಡೆದಿದ್ದರು. ಸುತ್ತಲಿಂದ ಬಂದ ಬೆಂಕಿ ಸುಂಟರಗಾಳಿಯಾಗಿ ಆ ಬಯಲನ್ನು ಹೊಕ್ಕಿತು. ಅದೊಂದೇ ಸ್ಥಳದಲ್ಲಿ ಸುಮಾರು 38,000 ಜನ ಬೆಂದುಹೋದರು. ಬೆಂಕಿ ಸೆಪ್ಟೆಂಬರ್ 3ರವರೆಗೂ ಉರಿಯಿತು. ಟೋಕಿಯೋ ನಗರದ ಶೇಕಡಾ 40ಕ್ಕೂ ಹೆಚ್ಚು ಭಾಗ ಭಸ್ಮವಾಯಿತು. ಯೊಕೊಹಾಮ ಬಹುಮಟ್ಟಿಗೆ ನಾಶವಾಯಿತು. ಒಟ್ಟು ಮಡಿದವರು ಸುಮಾರು 1,05,000 ಮಂದಿ. ಅವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಜನ ಸತ್ತದ್ದು ಬೆಂಕಿಯಿಂದ. ಇದರ ಮೇಲೆ ಇನ್ನೊಂದು ಅನರ್ಥವೂ ನಡೆಯಿತು. ಕೊರಿಯಾದಿಂದ ಬಂದು ನೆಲೆಸಿದ್ದವರು ಬೆಂಕಿ ಇಡುತ್ತಿದ್ದಾರೆ, ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂದು ಹಬ್ಬಿದ ಸುಳ್ಳನ್ನು ನಂಬಿ ಉದ್ರಿಕ್ತರಾದವರು ಬಹುಸಂಖ್ಯೆಯ ಅಮಾಯಕರನ್ನು ಕೊಂದರು. ನೆಲದ ಕಂಪನ ನಿಂತ ಮೇಲೆಯೂ ಗಾಳಿಮಾತು ಕೊಲ್ಲುತ್ತಲೇ ಇತ್ತು.

ವಿಶ್ವವಿದ್ಯಾನಿಲಯಕ್ಕೂ ಬೆಂಕಿ ತಗುಲಿತು. ಲಕ್ಷಾಂತರ ಗ್ರಂಥಗಳಿದ್ದ ಪುಸ್ತಕಭಂಡಾರ ಸುಟ್ಟು ಬೂದಿಯಾಯಿತು. ಇಮಾಮುರ ತಮ್ಮ ಸಹೋದ್ಯೋಗಿಗಳೊಡನೆ ಬೆಂಕಿಯೊಂದಿಗೆ ಹೋರಾಡಿ ಭೂಕಂಪ ವಿಭಾಗದ ಕಟ್ಟಡವನ್ನೂ ಅದರಲ್ಲಿದ್ದ ಅಮೂಲ್ಯವಾದ ದಾಖಲೆಗಳನ್ನೂ ಉಳಿಸಿಕೊಂಡರು.

ಒಮೋರಿ ಆ ದಿನ ಸಹಸ್ರಾರು ಕಿಲೋಮೀಟರು ದೂರದಲ್ಲಿದ್ದರು. ವಿಜ್ಞಾನ ಸಮ್ಮೇಳನವೊಂದಕ್ಕಾಗಿ ಆಸ್ಟ್ರೇಲಿಯಕ್ಕೆ ಹೋಗಿದ್ದ ಅವರು ಸಿಡ್ನಿಯ ರಿವರ್‌ವ್ಯೂ ವೀಕ್ಷಣಾಲಯವನ್ನು ನೋಡುತ್ತಿದ್ದ ವೇಳೆಯಲ್ಲಿ, ಅಲ್ಲಿನ ಭೂಕಂಪಮಾಪಕದ ಮುಳ್ಳು ಅವರ ಕಣ್ಣೆದುರಿಗೇ ಓಲಾಡತೊಡಗಿತು. ಯಾವುದೋ ದೂರದ ಮಹಾಕಂಪವನ್ನು ಅದು ಬರೆಯುತ್ತಿತ್ತು. ಆ ದೂರದ ಸ್ಥಳ ತಮ್ಮ ನಾಡೇ ಎಂದು ತಿಳಿದಾಗ ಆ ಮಹಾವಿಜ್ಞಾನಿಗಾದ ಆಘಾತವನ್ನು ಊಹಿಸಿಕೊಳ್ಳಬಹುದು. ಅವರ ದೇಹದಲ್ಲಿ ಆಗಲೇ ಮಾರಕವಾದ ರೋಗ ಬಲಿತಿತ್ತು. ಹಡಗಿನಲ್ಲಿ ಹಿಂದಿರುಗುವಾಗ ಅವರ ಸ್ಥಿತಿ ತೀರ ಹದಗೆಟ್ಟಿತು. ಅಕ್ಟೋಬರ್ 4ರಂದು ಹಡಗು ಹಾಳುಬಿದ್ದ ಯೊಕೊಹಾಮವನ್ನು ಸೇರಿದಾಗ ಅವರನ್ನು ಎದುರುಗೊಂಡವರಲ್ಲಿ ಇಮಾಮುರ ಒಬ್ಬರು. ಒಮೋರಿ ತಮ್ಮ ಹೊಣೆಯನ್ನು ಮುಚ್ಚಿಡಲಿಲ್ಲ. ಕಿರಿಯ ಸಹೋದ್ಯೋಗಿಯ ಕ್ಷಮೆ ಕೋರಿದರು. ವಿಭಾಗದ ಭಾರವನ್ನು ಇಮಾಮುರ ಅವರಿಗೆ ವಹಿಸಬೇಕೆಂದು ಬಯಸಿದರು. ನವೆಂಬರ್ 8ರಂದು ಅವರು ತೀರಿಕೊಂಡರು. ವಾದದಲ್ಲಿ ಸೋತ ಹಿರಿಯ ತನ್ನ ತಪ್ಪನ್ನು ಒಪ್ಪಿಕೊಂಡದ್ದೂ, ಹದಿನೇಳು ವರ್ಷ ನಿಂದೆಯುಂಡ ಕಿರಿಯ ಆ ರೋಗಿಯನ್ನು ಎದುರುಗೊಳ್ಳಲು ಹೋದದ್ದೂ ಇಬ್ಬರ ಘನತೆಯನ್ನೂ ತೋರಿಸುತ್ತವೆ.

ಆ ವರ್ಷದ ಕೊನೆಯಲ್ಲಿ ಇಮಾಮುರ ಪ್ರಾಧ್ಯಾಪಕರಾದರು. ಬಡಾಯಿಗಾರನೆಂದು ಜರೆದಿದ್ದ ಜನವೇ ಈಗ ಅವರನ್ನು ಭೂಕಂಪದ ದೇವರೆಂದು ಕೊಂಡಾಡತೊಡಗಿತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಿದ್ದ ಈ ಹೊಗಳಿಕೆಯಿಂದ ಅವರು ಮೈಮರೆಯಲಿಲ್ಲ. ಲಕ್ಷ ಜನ ಸತ್ತ ಬಳಿಕ ನಿಜವಾದ ಎಚ್ಚರಿಕೆ ಯಾರಿಗೆ ತಾನೇ ಸಂತೋಷವನ್ನು ತಂದೀತು? ಎಚ್ಚರಿಕೆ ಫಲಿಸಿತೆಂದು ಹೇಳಬೇಕಾದರೆ ಜನ ಬದುಕಬೇಕು. ಆದ್ದರಿಂದ ಮುಂದಿನ ಆಪತ್ತು ಎಲ್ಲಿ ಬರಬಹುದು, ಅದಕ್ಕೆ ಮುನ್ನ ಏನು ಮಾಡಬಹುದು ಎಂಬ ಚಿಂತೆಯಲ್ಲಿ ಅವರು ಮುಳುಗಿದರು. 1929ರಲ್ಲಿ ಜಪಾನಿನ ಭೂಕಂಪಶಾಸ್ತ್ರ ಸಂಘವನ್ನು ಪುನಃ ಸ್ಥಾಪಿಸಿ ಅದರ ಮುಂದಾಳಾದರು.

ಜಪಾನಿನ ನೈರುತ್ಯ ಕರಾವಳಿಯ ನಂಕಾಯ್ ಪ್ರದೇಶದ ಇತಿಹಾಸವನ್ನು ಅವರು ಕೆದಕಿ ನೋಡಿದರು. 1707ರಲ್ಲಿ ಅಲ್ಲಿ ಮಹಾಕಂಪವಾಗಿತ್ತು. 1854ರಲ್ಲಿ ಮತ್ತೆ ಆಗಿತ್ತು. ಮುಂದಿನ ಸರದಿ ದೂರವಿಲ್ಲವೆಂದು ಅವರಿಗೆ ಅನ್ನಿಸಿತು. 1928ರಲ್ಲಿ ಖಾಸಗಿ ಧನಸಹಾಯದಿಂದ ಆ ಕರಾವಳಿಯಲ್ಲಿ ನೆಲದ ಏರಿಳಿತವನ್ನು ಅಳೆಯುವ ವೀಕ್ಷಣಾಲಯವನ್ನು ತೆರೆದರು. 1931ರಲ್ಲಿ ನಿವೃತ್ತರಾದ ಬಳಿಕವೂ ಆ ಕಾರ್ಯವನ್ನು ನಡೆಸಿಕೊಂಡು ಬಂದರು. 1933ರಲ್ಲಿ ಸನ್ರಿಕು ಕರಾವಳಿಗೆ ಮತ್ತೆ ಸುನಾಮಿ ಅಪ್ಪಳಿಸಿದಾಗ, ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸ್ಥಳಾಂತರಿಸುವುದೇ ಉತ್ತಮವಾದ ರಕ್ಷಣೆಯೆಂದು ಅವರು ಒತ್ತಿ ಹೇಳಿದರು.

ದೊಡ್ಡವರ ಕಿವಿ ಗಟ್ಟಿಯೆಂಬುದನ್ನು ಅನುಭವದಿಂದ ಅರಿತಿದ್ದ ಇಮಾಮುರ ಮಕ್ಕಳ ಕಡೆಗೆ ತಿರುಗಿದರು. ಭೂಕಂಪದ ವಿಷಯವಾಗಿ ಮಕ್ಕಳಿಗೆ ತಿಳಿಯುವಂತೆ ಬರೆದರು. 1854ರ ಸುನಾಮಿಯಲ್ಲಿ ಹಿರೊ ಎಂಬ ಹಳ್ಳಿಯ ಹಮಗುಚಿ ಗೊರ್ಯೊ ಎಂಬ ಮಹನೀಯರು ಕತ್ತಲಲ್ಲಿ ದಾರಿ ಕಾಣದ ಜನರಿಗಾಗಿ ಹುಲ್ಲಿನ ಮೆದೆಗಳಿಗೆ ಬೆಂಕಿ ಹಚ್ಚಿ, ಅವರನ್ನು ಎತ್ತರದ ಜಾಗಕ್ಕೆ ಕರೆತಂದಿದ್ದರು. ಆ ಘಟನೆಯನ್ನು ಆಧರಿಸಿದ ಕಥೆಯೊಂದು 1937ರಲ್ಲಿ ಜಪಾನಿನ ಶಾಲೆಗಳ ಪಠ್ಯಪುಸ್ತಕದಲ್ಲಿ ಸೇರಿತು. ಅದನ್ನು ಹೇಗೆ ಬೋಧಿಸಬೇಕೆಂದು ಉಪಾಧ್ಯಾಯರಿಗಾಗಿ ಇಮಾಮುರ ಕೈಪಿಡಿಯನ್ನು ರಚಿಸಿದರು. ಒಂದು ಪಾಠ ಒಂದು ಊರನ್ನು ಉಳಿಸಬಲ್ಲುದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಅಷ್ಟರಲ್ಲಿ ಮಹಾಯುದ್ಧ ಬಂದಿತು. ವೀಕ್ಷಣಾಲಯಗಳನ್ನು ನಡೆಸಲು ಹಣವಿಲ್ಲ, ಆಳಿಲ್ಲ, ಕೇಳುವವರಿಲ್ಲ. ಆದರೂ ಅವರ ಒತ್ತಾಯದ ಮೇರೆಗೆ ಸೈನ್ಯದ ಮೋಜಣಿ ವಿಭಾಗ ಕಾಕೆಗಾವ ಎಂಬ ಊರಿನ ಸುತ್ತ ನೆಲದ ಮಟ್ಟವನ್ನು ಅಳೆಯುತ್ತಿತ್ತು. ಆ ಕೆಲಸ ನಡೆಯುತ್ತಿದ್ದಾಗಲೇ, 1944ರ ಡಿಸೆಂಬರ್ 7ರಂದು, ನಂಕಾಯ್ ವಲಯದ ಪೂರ್ವಭಾಗ ಜರುಗಿತು. ಭೂಕಂಪಕ್ಕೆ ಮುನ್ನವೇ ಅಳತೆಯಲ್ಲಿ ಅಸಹಜವಾದ ವ್ಯತ್ಯಾಸ ತೋರಿತ್ತು. ಅದು ಭೂಕಂಪದ ಮುನ್ಸೂಚನೆಯೇ ಅಲ್ಲವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಬಹುಕಾಲ ನಡೆಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತ ಆ ದುರಂತದ ಸುದ್ದಿಯನ್ನು ಯುದ್ಧಕಾಲದ ಸರ್ಕಾರ ಅದುಮಿಟ್ಟಿತು. 1946ರ ಡಿಸೆಂಬರ್ 21ರಂದು ಪಶ್ಚಿಮಭಾಗ ಜರುಗಿ ಮತ್ತೆ ಸಾವಿರಕ್ಕೂ ಹೆಚ್ಚು ಜನ ಮಡಿದರು. ಇಮಾಮುರ ಅವರ ಲೆಕ್ಕ ಮತ್ತೊಮ್ಮೆ ನಿಜವಾಯಿತು. ಜನರನ್ನು ಉಳಿಸುವ ಅವರ ಆಸೆ ಮತ್ತೊಮ್ಮೆ ಪೂರ್ಣವಾಗಿ ಈಡೇರಲಿಲ್ಲ. ಆದರೆ ಹಿರೊ ಹಳ್ಳಿಯಲ್ಲಿ, ಹಮಗುಚಿ ತಮ್ಮ ಸ್ವಂತ ಹಣದಿಂದ ತೊಂಬತ್ತು ವರ್ಷಗಳ ಹಿಂದೆ ಕಟ್ಟಿಸಿದ್ದ ಒಡ್ಡು ಆ ಸುನಾಮಿಯನ್ನು ತಡೆದು ಊರಿನ ಬಹುಭಾಗವನ್ನು ಕಾಪಾಡಿತು. ಮುಂದಾಲೋಚನೆ ವ್ಯರ್ಥವಲ್ಲವೆಂಬುದಕ್ಕೆ ಅದೊಂದು ಸಾಕ್ಷಿಯಾಗಿ ನಿಂತಿತು.

1948ರ ಜನವರಿ 1ರಂದು, ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಇಮಾಮುರ ನಿಧನರಾದರು.

ಭೂಕಂಪದ ದಿನವನ್ನೂ ಗಳಿಗೆಯನ್ನೂ ಮುಂಚಿತವಾಗಿ ಹೇಳುವ ಸಾಮರ್ಥ್ಯ ವಿಜ್ಞಾನಕ್ಕೆ ಇಂದಿಗೂ ಲಭಿಸಿಲ್ಲ. ಎಲ್ಲಿ ನೆಲ ಬಿಗಿದುಕೊಂಡಿದೆ, ಎಂಥ ಕಂಪನ ಬರಬಹುದು, ಯಾವ ಕಟ್ಟಡ ನಿಲ್ಲುತ್ತದೆ, ಯಾವ ಬೀದಿ ಉರಿಯುತ್ತದೆ ಎಂಬುದನ್ನು ಮಾತ್ರ ಅದು ಹೇಳಬಲ್ಲುದು. ಇಮಾಮುರ ಹೇಳಿದ್ದೂ ಇಷ್ಟನ್ನೇ. ಜಪಾನಿನಲ್ಲಿ 1960ರಿಂದ ಪ್ರತಿವರ್ಷ ಸೆಪ್ಟೆಂಬರ್ 1ನ್ನು ವಿಪತ್ತು ನಿವಾರಣೆಯ ದಿನವಾಗಿ ಆಚರಿಸುತ್ತಾರೆ. ಅಂದು ಶಾಲೆಯ ಮಕ್ಕಳೂ ಕಾರ್ಖಾನೆಯ ಕೆಲಸಗಾರರೂ ಆಪತ್ತಿನಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಅಭ್ಯಾಸ ಮಾಡುತ್ತಾರೆ. 2011ರ ಮಾರ್ಚ್ 11ರಂದು ಈಶಾನ್ಯ ಕರಾವಳಿಯಲ್ಲಿ ಮಹಾಸುನಾಮಿ ಬಂದು ಸಾವಿರಾರು ಜನ ಕೊಚ್ಚಿಹೋದಾಗ, ಕಮಾಯಿಶಿ ಎಂಬ ಊರಿನ ಶಾಲೆಗಳಲ್ಲಿದ್ದ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಕಿರಿಯರ ಕೈಹಿಡಿದುಕೊಂಡು ಎತ್ತರದ ಜಾಗಕ್ಕೆ ಓಡಿದರು. ಆ ಊರಿನ ಸುಮಾರು ಮೂರು ಸಾವಿರ ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಮೆ ಎಲ್ಲರೂ ಬದುಕಿದರು. ತರಗತಿಯಲ್ಲಿ ಕಲಿತ ಪಾಠ ಅಂದು ಅವರ ಜೀವವನ್ನು ಉಳಿಸಿತು.